ಲೆಕ್ಕದ ಟೀಚರಿಗೆ ಕೇಳಿಸಿದ್ದು

ನಮ್ಮ ಶಾಲೆಯಲ್ಲಿ ಲೆಕ್ಕದ ಟೀಚರ್ ಎಂದರೆ ಯಾರಿಗಾದರೂ ಮೊದಲು ನೆನಪಾಗುತ್ತಿದ್ದದ್ದು ಅವರ ಗಂಟಲು. ನಾನು ಅಲ್ಲಿಯ ಡ್ರಾಯಿಂಗ್ ಮೇಷ್ಟ್ರು. ನನ್ನ ಕೋಣೆಗೂ ಅವರ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ನನ್ನ ಮಕ್ಕಳು ಹೂಜಿಯ ನೆರಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಾ ಕೂತಿದ್ದರೆ ಆಚೆಯಿಂದ ತ್ರಿಭುಜದ ಮೂರೂ ಕೋನಗಳು ಗೋಡೆ ದಾಟಿಕೊಂಡು ಬರುತ್ತಿದ್ದವು. ಒಮ್ಮೆ ಒಬ್ಬಳು ಬಾಳೆಹಣ್ಣಿನ ಚಿತ್ರ ಬರೆದು, ತನಗೇ ಅರಿವಿಲ್ಲದೆ ಅದರ ಕೆಳಗೆ 'ನೂರ ಎಂಬತ್ತು ಡಿಗ್ರಿ' ಎಂದು ಬರೆದುಕೊಟ್ಟಿದ್ದಳು. ಮೈದಾನದ ಆ ತುದಿಯಲ್ಲಿ ಆಡುತ್ತಿದ್ದವರು ಕೂಡ ಟೀಚರ್ ಒಂದು ಸಲ ಕೆಮ್ಮಿದರೆ ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಈಗ ಅವರು ಗಣಿತ ಬೋಧನೆಯಲ್ಲಿ ಡಾಕ್ಟರೇಟ್ ಪಡೆದವರು. ಆ ದಾರಿಯಲ್ಲಿ ಆ ಗಂಟಲೇ ಕೈಬಿಟ್ಟು ಹೋಗುವ ಹಂತಕ್ಕೆ ಬಂದಿತ್ತು. ಹೋಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಸುಮ್ಮನೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದು ಬೇಡ.

ಅವರ ಮನೆ ಶಾಲೆಯಿಂದ ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಯಜಮಾನರು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಮಾವ ಜೀವಮಾನವೆಲ್ಲ ಮುದ್ರಣಾಲಯದಲ್ಲಿ ದುಡಿದು, ಎರಡೂ ಕಿವಿಗಳನ್ನು ಅಲ್ಲಿಯ ಮಷೀನುಗಳಿಗೇ ಒಪ್ಪಿಸಿ ನಿವೃತ್ತರಾದವರು. ಆ ಮನೆಯಲ್ಲಿ ಅವರಿಗೆ ಕೇಳಿಸುವ ಹಾಗೆ ಮಾತಾಡಬಲ್ಲವರು ಸೊಸೆ ಒಬ್ಬರೇ. ಮಗ ಹತ್ತಿರ ಬಂದು ಏನಾದರೂ ಹೇಳಿದರೆ "ಯಾಕೋ ಬಾಯಲ್ಲೇ ಗೊಣಗ್ತೀಯ, ನಿನ್ ಹೆಂಡ್ತಿ ಹತ್ರ ಹೇಳು, ಅವಳು ಹೇಳ್ತಾಳೆ" ಎನ್ನುತ್ತಿದ್ದರು.

ಟೀಚರಿಗೆ ಸಂಶೋಧನೆಯ ಹುಚ್ಚು ಹತ್ತಿಸಿದ್ದು ಒಂದು ಚಿಕ್ಕ ಲೆಕ್ಕ. ಬೀಜಗಣಿತ ಶುರುಮಾಡುವ ಮೊದಲು ತರಗತಿಯ ತಳಪಾಯ ಹೇಗಿದೆ ನೋಡೋಣವೆಂದು ಅವರು ಬೋರ್ಡಿನ ಮೇಲೆ 8 + 4 = __ + 5 ಎಂದು ಬರೆದು, ಬಿಟ್ಟ ಜಾಗ ತುಂಬಿ ಎಂದರು. ಅಲ್ಲಿ ಬರಬೇಕಾದದ್ದು ಏಳು. ತರಗತಿಯ ಮುಕ್ಕಾಲು ಭಾಗ ಹನ್ನೆರಡು ಎಂದು ಬರೆದಿತ್ತು. ಬೇರೆ ದಿನವಾಗಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಮುಂದಕ್ಕೆ ಹೋಗುತ್ತಿದ್ದರೇನೋ. ಅವತ್ತು, ಯಾವಾಗಲೂ ಒಳ್ಳೆಯ ಅಂಕ ತೆಗೆಯುವ ಒಬ್ಬ ಹುಡುಗಿಯೂ ಹನ್ನೆರಡೇ ಬರೆದಿದ್ದಳು ಎಂದು ಅವಳನ್ನು ಕರೆದು ಕೇಳಿದರು.

"ಯಾಕಮ್ಮ ಹನ್ನೆರಡು?"

"ಎಂಟು ನಾಲ್ಕು ಹನ್ನೆರಡಲ್ವಾ ಟೀಚರ್?"

"ಸರಿ. ಆಮೇಲೆ ಇರೋ ಐದು?"

ಹುಡುಗಿ ಆ ಐದನ್ನು ಆಗ ತಾನೇ ನೋಡಿದವಳಂತೆ ಸ್ವಲ್ಪ ಹೊತ್ತು ದಿಟ್ಟಿಸಿ, "ಅದು ಮುಂದಿನ ಲೆಕ್ಕಕ್ಕೇನೋ ಅಂದ್ಕೊಂಡೆ. ಈ ಎರಡು ಗೀಟು ಬಂತು ಅಂದ್ರೆ ಉತ್ತರ ಬರೀಬೇಕಲ್ವಾ?" ಎಂದಳು.

ಟೀಚರ್ ಆ ಲೆಕ್ಕವನ್ನು ಹಾಗೆಯೇ ಸ್ಟಾಫ್ ರೂಮಿಗೆ ತಂದರು. ವಿಜ್ಞಾನದವರು ಏಳು ಎಂದರು. ಚರಿತ್ರೆಯವರು ಹನ್ನೆರಡು ಎಂದರು, ನಾನೂ ಅವರ ಹಿಂದೆಯೇ ಹನ್ನೆರಡು ಎಂದೆ. ಹೆಡ್‌ಮಾಸ್ಟರು ಮೂರನ್ನೂ ಕೂಡಿಸಿ ಹದಿನೇಳು ಮಾಡಿ, "ಯಾವುದನ್ನೂ ಬಿಡಬಾರದಲ್ಲ" ಎಂದರು. ಅವತ್ತು ಸಂಜೆ ಕನ್ನಡಕದ ಅಂಗಡಿಯಲ್ಲಿ ಯಜಮಾನರೂ ಹನ್ನೆರಡು ಎಂದರಂತೆ. ಟೀಚರಿಗೆ ರಾತ್ರಿ ಊಟ ರುಚಿಸಲಿಲ್ಲ. ಇಷ್ಟು ವರ್ಷ ತಾವು ಬೀಜಗಣಿತ ಕಟ್ಟಿದ್ದು ಯಾವ ನೆಲದ ಮೇಲೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಸಮ ಚಿಹ್ನೆ ಎಂದರೆ ಆಚೆಯದೂ ಈಚೆಯದೂ ಒಂದೇ ಎಂದರ್ಥ. ಮಕ್ಕಳಿಗೆ ಅದು 'ಈಗ ಉತ್ತರ ಹೇಳು' ಎನ್ನುವ ಅಪ್ಪಣೆಯಾಗಿತ್ತು. ಹಾಗಿದ್ದ ಮೇಲೆ ಎರಡೂ ಬದಿಯಲ್ಲಿ ಅಕ್ಷರಗಳನ್ನು ಇಟ್ಟುಕೊಂಡು ಬರುವ ಸಮೀಕರಣ ಅವರಿಗೆ ಅರ್ಥವಾಗುವುದಾದರೂ ಹೇಗೆ?

ನಲವತ್ತು ದಾಟಿದ ಮೇಲೆ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರು. ಅಲ್ಲಿ ಗಣಿತ ವಿಭಾಗ ಮೇಲಿನ ಮಹಡಿಯಲ್ಲಿ, ಶಿಕ್ಷಣ ವಿಭಾಗ ಕೆಳಗೆ. ಮೇಲಿನವರು ವಿಷಯ ಕೇಳಿ, "ಇದು ಗಣಿತ ಅಲ್ಲಮ್ಮ, ಕೂಡೋ ಲೆಕ್ಕ. ಕೆಳಗೆ ಕೇಳಿ" ಎಂದರು. ಕೆಳಗಿನವರು, "ತುಂಬಾ ಲೆಕ್ಕ ಇದೆಯಲ್ಲ ಇದರಲ್ಲಿ, ಮೇಲೆ ಕೇಳಿದ್ರಾ?" ಎಂದರು. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರು ಅಂದುಕೊಳ್ಳುವುದು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಅಂದುಕೊಳ್ಳುವುದು, ಊಟಕ್ಕೆ ಮಾತ್ರ ಯಾರೂ ಕರೆಯದಿರುವುದು: ಹಾಗಾಯಿತು ಅವರ ಪಾಡು. ಕೊನೆಗೆ ಕೆಳಗಿನ ವಿಭಾಗದ ಹಿರಿಯ ಮೇಡಂ ಒಬ್ಬರು ಗೈಡ್ ಆಗಲು ಒಪ್ಪಿದರು. ಬಲು ಒಳ್ಳೆಯ ಹೆಂಗಸು. "ಮೊದಲು ತರಗತಿಗಳಿಗೆ ಹೋಗಿ ಪಾಠಗಳನ್ನ ರೆಕಾರ್ಡ್ ಮಾಡ್ಕೊಂಡು ಬನ್ನಿ. ಮಕ್ಕಳು ಏನಂತಾರೋ ಕೇಳಿಸ್ಕೊಳ್ಳಿ. ಉಳಿದದ್ದು ಆಮೇಲೆ" ಎಂದರು.

ಟೀಚರ್ ಹಾಗೆಯೇ ಮಾಡಿದರು. ರಜೆ ಸಿಕ್ಕಾಗೆಲ್ಲ ಬೇರೆ ಬೇರೆ ಶಾಲೆಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ರೆಕಾರ್ಡರನ್ನು ಡೆಸ್ಕಿನ ಮೇಲಿಟ್ಟು ಬರುತ್ತಿದ್ದರು. ತಮ್ಮ ಪಾಠಗಳನ್ನೂ ರೆಕಾರ್ಡ್ ಮಾಡಿದರು. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿದರು. ಇದು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಹಿರಿಯ ಮೇಡಂ ನಿವೃತ್ತರಾಗಿ ಮಗನ ಮನೆಗೆ ಹೊರಟುಹೋದರು. ವಿಶ್ವವಿದ್ಯಾಲಯ ಟೀಚರನ್ನು ಮೇಲಿನ ಮಹಡಿಯ ಪ್ರೊಫೆಸರೊಬ್ಬರ ಕೈಗೆ ಒಪ್ಪಿಸಿತು.

ಇವರನ್ನು ವಿದ್ಯಾರ್ಥಿಗಳು 'ಆದ್ದರಿಂದ ಸರ್' ಎಂದು ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು "ಆದ್ದರಿಂದ?" ಎನ್ನುವುದು ಅವರ ರೂಢಿ. ಅಷ್ಟೇ, ಬೇರೆ ಮಾತಿಲ್ಲ. ಆ ಒಂದು ಮಾತಿಗೆ ಹೆದರಿ ಎಷ್ಟೋ ಜನ ತಮ್ಮ ಸಂಶೋಧನೆಯ ವಿಷಯವನ್ನೇ ಬದಲಾಯಿಸಿದ್ದರಂತೆ. ಟೀಚರ್ ತಾವು ಅಷ್ಟು ವರ್ಷ ಸೇರಿಸಿದ್ದನ್ನೆಲ್ಲ ಅವರ ಮುಂದೆ ಹರವಿದರು. ಮಕ್ಕಳು ಹನ್ನೆರಡು ಎನ್ನುತ್ತಾರೆ, ಹದಿನೇಳು ಎನ್ನುತ್ತಾರೆ, ಇದರಿಂದ ಬೀಜಗಣಿತ ಕೆಡುತ್ತದೆ ಎಂದರು.

"ಇದು ಬೇರೆ ದೇಶಗಳಲ್ಲಿ ಬಹಳ ಹಿಂದೇನೇ ಗೊತ್ತಾಗಿದೆ. ನಮ್ಮ ಮಕ್ಕಳೂ ಹಾಗೇ ಮಾಡ್ತಾರೆ ಅಂತ ನೀವು ತೋರಿಸಿದ್ರಿ. ಆದ್ದರಿಂದ?"

ಟೀಚರ್ ಹರವಿದ್ದ ಕಾಗದಗಳನ್ನು ಒಟ್ಟುಮಾಡಿಕೊಂಡರು. ಬೇರೆಯವರು ಬರೆದದ್ದನ್ನು ಅವರೂ ಓದಿದ್ದರು. ಆದರೂ ತಮ್ಮ ಮಕ್ಕಳ ಬಾಯಿಂದ ಕೇಳಿದ ಮಾತು ತಮ್ಮದೇ ಎಂಬ ಧೈರ್ಯ ಒಳಗೆಲ್ಲೋ ಇತ್ತು. ಅದು ಅವತ್ತು ಮೆಟ್ಟಿಲು ಇಳಿಯುವಾಗ ಇಳಿದುಹೋಯಿತು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, "ಬಿಟ್ಟುಬಿಡೋಣ ಅನ್ಸ್ತಿದೆ ಸರ್. ನಂಗ್ಯಾಕ್ ಬೇಕಿತ್ತು ಇದೆಲ್ಲ" ಎಂದರು. ಆ ಮಾತಿನ ದುಃಖಕ್ಕಿಂತ ನನ್ನ ಕಿವಿಗೆ ಬಿದ್ದದ್ದು ಬೇರೆ. ದನಿ ಒಡೆದಿತ್ತು. ಹರಿದ ಕಾಗದ ಗಾಳಿಗೆ ಬಡಿದುಕೊಳ್ಳುವ ಹಾಗೆ ಗರಗರ ಎನ್ನುತ್ತಿತ್ತು.

"ಶೀತ ಆಗಿದ್ಯಾ ಟೀಚರ್?"

"ಎರಡು ತಿಂಗಳಿಂದ ಹೀಗೇ ಇದೆ. ಬಿಸಿನೀರು ಕುಡೀತಿದೀನಿ."

ಎರಡು ತಿಂಗಳ ಶೀತ ಯಾವುದಿದೆ? ನಾನು ಅದನ್ನು ಅವರ ಯಜಮಾನರ ಕಿವಿಗೆ ಹಾಕಿದೆ. ಅವರು ಹಿಡಿದ ಪಟ್ಟು ಬಿಡದೆ ಹೆಂಡತಿಯನ್ನು ಕಿವಿ-ಮೂಗು-ಗಂಟಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯೊಳಗೆ ತೆಳ್ಳಗಿನ ಕ್ಯಾಮರಾ ಇಳಿಸಿ ನೋಡಿ, ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಮಡಿಕೆಗಳಲ್ಲಿ ಒಂದರ ಅಂಚಿಗೆ ಸಾಸಿವೆಕಾಳಿನಷ್ಟು ಗಂಟು ಕೂತಿತ್ತು.

"ತೆಗೀಬೇಕು. ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಬಹುಮಟ್ಟಿಗೆ ಏನೂ ಇರಲ್ಲ, ಆದ್ರೆ ರಿಪೋರ್ಟ್ ಬರೋವರ್ಗೂ ನಾನು ಹಾಗೆ ಹೇಳೋ ಹಾಗಿಲ್ಲ. ಆಪರೇಷನ್ ಆದ್ಮೇಲೆ ಮಾತ್ರ ಒಂದಕ್ಷರ ಆಡ್ಬಾರ್ದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು."

ಆಪರೇಷನ್ ಸಲೀಸಾಗಿ ಆಯಿತು. ಗಂಟು ಪರೀಕ್ಷೆಗೆ ಹೋಯಿತು. ಟೀಚರ್ ಕೊರಳಿಗೆ ಒಂದು ಪುಟ್ಟ ಸ್ಲೇಟು ನೇತುಹಾಕಿಕೊಂಡು ಮನೆಗೆ ಬಂದರು. ಆ ಮನೆಯ ವಹಿವಾಟೆಲ್ಲ ಅಡಿಮೇಲಾಯಿತು. ಮಾವನಿಗೆ ಕಿವಿ ಕೇಳಿಸದು, ಸೊಸೆ ಮಾತಾಡುವಂತಿಲ್ಲ. ಇಬ್ಬರೂ ಕೈಸನ್ನೆಯಲ್ಲಿ ಎಷ್ಟು ಚೆನ್ನಾಗಿ ಹೊಂದಿಕೊಂಡರೆಂದರೆ ಉಳಿದ ಇಬ್ಬರೇ ಪರದೇಶಿಗಳಾದರು. ಮಗಳು ಹೊರಗಿನಿಂದ ಬಂದು "ಅಮ್ಮ ಏನಂತಿದಾಳೆ ತಾತ?" ಎಂದು ಕಿವಿಯ ಹತ್ತಿರ ಕೂಗಿ ಕೇಳಬೇಕು, ತಾತ "ನೀನು ಚಪ್ಪಲಿ ಒಳಗೆ ತಂದಿದೀಯ ಅಂತಾಳೆ" ಎಂದು ಬಿಡಿಸಿ ಹೇಳಬೇಕು.

ನಗುವುದಕ್ಕೆ ಇಷ್ಟಿದ್ದರೂ ಹೆದರಿಕೆ ಆ ಮನೆಯೊಳಗೇ ಓಡಾಡಿಕೊಂಡಿತ್ತು. ಯಜಮಾನರು ಅಂಗಡಿಯಲ್ಲಿ ಒಂದೇ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿ, ಬಿಚ್ಚಿ, ಮತ್ತೆ ಅದೇ ತಪ್ಪು ಮಾಡಿದರು. ಟೀಚರ್ ಮಾತ್ರ ಯಾವುದನ್ನೂ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಳ್ಳಲು ಅವರಿಗಿದ್ದ ಹತ್ಯಾರವೇ ಮಾತು, ಅದಕ್ಕೆ ಬೀಗ ಬಿದ್ದಿತ್ತು. ಕೂತರೆ ನಿಂತರೆ ರಿಪೋರ್ಟಿನದೇ ಯೋಚನೆ. ಅದರಿಂದ ತಪ್ಪಿಸಿಕೊಳ್ಳಲೆಂದೇ ಅವರು ಇಯರ್‌ಫೋನ್ ಸಿಕ್ಕಿಸಿಕೊಂಡು, ಬಿಟ್ಟುಬಿಡಬೇಕೆಂದಿದ್ದ ರೆಕಾರ್ಡಿಂಗುಗಳನ್ನು ಕೇಳತೊಡಗಿದರು. ಕೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಬರೆದಿಡುವ ಕೆಲಸ ಹೇಗೂ ಬಾಕಿಯಿತ್ತು. ಕೈಗೆ ಕೆಲಸವಿದ್ದರೆ ತಲೆ ಸುಮ್ಮನಿರುತ್ತದೆ ಎಂಬ ಲೆಕ್ಕ.

ಪುಟದ ಎಡಗಡೆ ಬೋರ್ಡಿನ ಮೇಲೆ ಬರೆದದ್ದು, ಬಲಗಡೆ ಬಾಯಲ್ಲಿ ಹೇಳಿದ್ದು. ಎಂಟು ಎಂದರೆ 8. 'ಕೂಡಿದರೆ' ಎಂದರೆ ಕೂಡುವ ಚಿಹ್ನೆ. ಹೀಗೆ ಒಂದೊಂದಕ್ಕೂ ಜೋಡಿ ಹುಡುಕುತ್ತಾ ಹೋಗಬೇಕು. 'ಎಂಟಕ್ಕೆ ನಾಲ್ಕು ಕೂಡಿದರೆ ಹನ್ನೆರಡು.' ಎಡಗಡೆಯ ಸಮ ಚಿಹ್ನೆಗೆ ಬಲಗಡೆ ಬರೆಯಲು ಏನೂ ಇರಲಿಲ್ಲ. ಎಲ್ಲೋ ಕಿವಿ ತಪ್ಪಿತೇನೋ ಎಂದು ಟೀಚರ್ ಮತ್ತೆ ಕೇಳಿದರು. ಇಲ್ಲ, ಅಲ್ಲಿ ಯಾವ ಮಾತೂ ಇಲ್ಲ. ಇನ್ನೊಂದು ಶಾಲೆಯ ಪಾಠ ಹಾಕಿದರು. 'ಒಂಬತ್ತರಲ್ಲಿ ಎರಡು ಕಳೆದರೆ ಏಳು.' ಅಲ್ಲೂ ಇಲ್ಲ. ಪುಸ್ತಕದಲ್ಲಿ ಆ ಚಿಹ್ನೆಗೆ 'ಸಮ' ಎಂಬ ಹೆಸರಿದೆ, ಆದರೆ ನಾಲಗೆಯ ಮೇಲೆ ಬರುವಾಗ ಅದು ಕರಗಿಹೋಗುತ್ತಿತ್ತು. ಅದರ ಕೆಲಸವನ್ನೆಲ್ಲ 'ಕೂಡಿದರೆ'ಯ 'ದರೆ' ಹೊತ್ತುಕೊಂಡು ಬಿಟ್ಟಿತ್ತು. ಆ 'ದರೆ' ಒಂದೇ ಕಡೆಗೆ ಹೋಗುವ ರಸ್ತೆ. ಹೀಗೆ ಮಾಡಿದರೆ ಹಾಗೆ ಆಗುತ್ತದೆ ಎಂದು ಮುಂದಕ್ಕೆ ತಳ್ಳುತ್ತದೆಯೇ ಹೊರತು ಹಿಂದಕ್ಕೆ ತಿರುಗಿ ನೋಡಲು ಬಿಡುವುದಿಲ್ಲ. ಮಕ್ಕಳು ಚಿಹ್ನೆಯನ್ನು ಕಣ್ಣಿನಿಂದ ಕಂಡಿದ್ದರು, ಕಿವಿಯಿಂದ ಎಂದೂ ಕೇಳಿರಲಿಲ್ಲ.

ಆಮೇಲೆ ಅವರು ತಮ್ಮದೇ ಪಾಠ ಹಾಕಿಕೊಂಡರು. ಇಡೀ ಶಾಲೆಗೆ ಕೇಳಿಸುವ ಆ ಗಂಟಲಿನಲ್ಲಿ ಎಲ್ಲ ಅಂಕಿಗಳೂ ಗಣಗಣ ಎನ್ನುತ್ತಿದ್ದವು. ಸಮ ಚಿಹ್ನೆಯ ಜಾಗದಲ್ಲಿ ಸೀಮೆಸುಣ್ಣ ಎರಡು ಸಲ ಟಕ್ ಟಕ್ ಎಂದದ್ದು ಬಿಟ್ಟರೆ ಏನಿಲ್ಲ. ಟೀಚರ್ ಇಯರ್‌ಫೋನ್ ಕಿತ್ತು, ಎದ್ದು ನಿಂತರಂತೆ. ಯಾರಿಗಾದರೂ ಹೇಳಬೇಕು, ಹೇಳುವಂತಿಲ್ಲ. ಮಾವ ಪೇಪರ್ ಓದುತ್ತಿದ್ದರು. ಟೀಚರ್ ಅವರ ಮುಂದೆ ಸ್ಲೇಟು ಹಿಡಿದು 'ಸಿಕ್ಕಿತು' ಎಂದು ಬರೆದು ತೋರಿಸಿದರು. ಮಾವ ಬಹಳ ಸಮಾಧಾನದಿಂದ, "ಸದ್ಯ. ಎಲ್ಲಿತ್ತು ಬೀಗದ ಕೈ?" ಎಂದರು.

ಇನ್ನೂ ಅರ್ಧ ಬಾಕಿ ಇತ್ತು. ಆ ಚಿಹ್ನೆಗೆ ಮಾತು ಕೊಡುವುದಾದರೆ ಯಾವ ಮಾತು? 'ಸಮ' ಎಂದು ಗಟ್ಟಿಯಾಗಿ ಹೇಳಿ ಎಂದರೆ ಮಕ್ಕಳು ಅದನ್ನೂ ಉರು ಹೊಡೆದು ಉತ್ತರದ ಗಂಟೆ ಮಾಡಿಕೊಳ್ಳುತ್ತಾರೆ. ಟೀಚರ್ ಒಂದೆರಡು ದಿನ ಇದನ್ನೇ ಮೆಲುಕು ಹಾಕಿದರು. ಒಂದು ಮಧ್ಯಾಹ್ನ ಮಗಳು ಪಪಾಯ ಹೆಚ್ಚಿ ತಟ್ಟೆಗಳಿಗೆ ಹಾಕುತ್ತಿದ್ದಳು. ಸಕ್ಕರೆ ಕಾಯಿಲೆಯ ತಾತನ ತಟ್ಟೆಗೆ ಎರಡೇ ಹೋಳು ಬಿದ್ದಿತು. ತಾತ ಮೊಮ್ಮಗಳ ತಟ್ಟೆಯನ್ನೊಮ್ಮೆ ತನ್ನ ತಟ್ಟೆಯನ್ನೊಮ್ಮೆ ನೋಡಿ, "ನಿಂಗೆ ಎಷ್ಟೋ ನಂಗೂ ಅಷ್ಟೇ ಹಾಕು. ಇದ್ಯಾವ ನ್ಯಾಯ?" ಎಂದರು. ಟೀಚರ್ ಕೈಯಲ್ಲಿದ್ದ ಹೋಳನ್ನು ತಟ್ಟೆಗೆ ಬಿಟ್ಟರು. ಎಷ್ಟೋ, ಅಷ್ಟೇ. ಇದರಲ್ಲಿ ಮುಂದೂ ಇಲ್ಲ, ಹಿಂದೂ ಇಲ್ಲ. ಎರಡು ತಟ್ಟೆಗಳನ್ನೂ ನೋಡದೆ ಇದನ್ನು ಹೇಳಲು ಬರುವುದೇ ಇಲ್ಲ. 'ಎಂಟೂ ನಾಲ್ಕೂ ಸೇರಿ ಎಷ್ಟೋ, ಏಳೂ ಐದೂ ಸೇರಿ ಅಷ್ಟೇ.' ಮಾತು ಹುಡುಕಲು ಪುಸ್ತಕದ ಅಂಗಡಿಗೆ ಹೋಗಬೇಕಾಗಿರಲಿಲ್ಲ, ಊಟದ ಮನೆಯಲ್ಲೇ ಬಿದ್ದಿತ್ತು. ತಾತನಿಗೆ ಅವತ್ತು ಮೂರನೆಯ ಹೋಳು ಸಿಕ್ಕಿತು. ಯಾಕೆಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ರಿಪೋರ್ಟ್ ಬಂದ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಡಾಕ್ಟರು ಕಾಗದ ನೋಡಿ, ತಲೆ ಎತ್ತುವ ಮೊದಲೇ ನಕ್ಕುಬಿಟ್ಟರು. "ಏನೂ ಇಲ್ಲ. ಕೂಗಿ ಕೂಗಿ ಬಂದಿರೋ ಗಂಟು, ಅಷ್ಟೇ. ಮೇಷ್ಟ್ರುಗಳಿಗೆ, ಹಾಡೋವ್ರಿಗೆ ಬರತ್ತೆ. ಇನ್ನೊಂದು ವಾರ ಸ್ಲೇಟೇ ಇರ್ಲಿ. ಆಮೇಲೆ ಮೆಲ್ಲಗೆ ಮಾತಾಡಿ, ಕೂಗ್ಬೇಡಿ. ಮುಗೀತು."

ಯಜಮಾನರು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಅಷ್ಟು ದಿನ ಭುಜದ ಮೇಲೆ ಯಾರೋ ಕೂತಿದ್ದವರು ಎದ್ದು ಹೋದಂತಾಯಿತು ಎಂದು ಆಮೇಲೆ ನನಗೆ ಹೇಳಿದರು. ಹೆಂಡತಿ ಅಳುತ್ತಾಳೇನೋ ಎಂದು ತಿರುಗಿ ನೋಡಿದರೆ ಅವರು ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದರು. 'ಹೊಟ್ಟೆ ಹಸೀತಿದೆ' ಎಂದಿತ್ತು. ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ತಿಂದರಂತೆ.

ಮಾತಾಡಲು ಅಪ್ಪಣೆ ಸಿಕ್ಕಾಗ ಹೊರಟ ದನಿ ಹಳೆಯ ದನಿಯಾಗಿರಲಿಲ್ಲ. ತಗ್ಗಿನದು, ಸ್ವಲ್ಪ ಒರಟು, ಒಂದು ಕೋಣೆಗೆ ಸಾಕಾಗುವಷ್ಟು. ಆ ದನಿಯಲ್ಲೇ ಅವರು ಆದ್ದರಿಂದ ಸರ್ ಮುಂದೆ ಹೋಗಿ ಕೂತರು. ಪ್ರೊಫೆಸರಿಗೆ ಮೇಜಿನ ಆ ಕಡೆಯಿಂದ ಕೇಳಿಸದೆ, ಕುರ್ಚಿ ಎಳೆದುಕೊಂಡು ಈ ಕಡೆಗೇ ಬಂದರು. ಟೀಚರ್ ಹೇಳುತ್ತಾ ಹೋದರು. ಚಿಹ್ನೆಗೆ ಮಾತಿಲ್ಲ, 'ದರೆ' ಅದನ್ನು ನುಂಗಿದೆ, ಬೇರೆ ದೇಶದವರು ಬರೆದದ್ದರಲ್ಲಿ ಈ 'ದರೆ' ಬರುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಅದು ಇರುವುದು ನಮ್ಮ ಮಾತಿನಲ್ಲಿ. ಹೇಳಿ ಮುಗಿಸಿ ಆ ಒಂದು ಮಾತಿಗಾಗಿ ಕಾದರು. ಪ್ರೊಫೆಸರು ಕನ್ನಡಕ ತೆಗೆದರು, ಒರೆಸಲಿಲ್ಲ. ತಮ್ಮಷ್ಟಕ್ಕೆ ಮೆಲ್ಲಗೆ "ಎಂಟಕ್ಕೆ ನಾಲ್ಕು ಕೂಡಿದರೆ ಹನ್ನೆರಡು" ಎಂದು ಹೇಳಿಕೊಂಡರು. ಇನ್ನೊಂದು ಸಲ ಹೇಳಿಕೊಂಡರು.

"ಹೌದಲ್ರೀ" ಎಂದರು ಕೊನೆಗೆ. "ನಾನೂ ಹಾಗೇ ಹೇಳ್ತೀನಿ. ಯಾವತ್ತೂ ಕಿವಿಗೆ ಬಿದ್ದೇ ಇರ್ಲಿಲ್ಲ." ಕನ್ನಡಕ ಹಾಕಿಕೊಂಡು, "ಈಗ ಇದನ್ನ ತೋರಿಸ್ಬೇಕಲ್ಲ. ಕೂತ್ಕೊಳ್ಳಿ, ಹೇಗೆ ತೋರಿಸೋದು ನೋಡೋಣ" ಎಂದರು.

ತೋರಿಸುವ ಕೆಲಸದಲ್ಲಿ ನಾನೂ ಸಿಕ್ಕಿಕೊಂಡೆ. ಕೆಲವು ತರಗತಿಗಳಲ್ಲಿ ಎಂದಿನ ಹಾಗೆ 'ಕೂಡಿದರೆ' ಎಂದು ಓದುವುದು, ಕೆಲವು ತರಗತಿಗಳಲ್ಲಿ 'ಎಷ್ಟೋ ಅಷ್ಟೇ' ಎಂದು ಓದುವುದು, ಕೊನೆಗೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಪರೀಕ್ಷೆ ಕೊಡುವುದು ಎಂದು ತೀರ್ಮಾನವಾಯಿತು. ಟೀಚರ್ ತಾವೇ ಪಾಠ ಮಾಡಿದರೆ ಅದು ಅವರ ಕೈಗುಣ ಎಂದು ಯಾರಾದರೂ ಅನ್ನಬಹುದು. ಹಾಗಾಗಿ ಬೇರೆಯವರು ಬೇಕಿತ್ತು. ನಮ್ಮ ಶಾಲೆಯಲ್ಲಿ ಬಿಡುವಿದ್ದವನು ನಾನೊಬ್ಬನೇ.

"ನಂಗೆ ಲೆಕ್ಕ ಬರಲ್ವಲ್ಲ ಟೀಚರ್" ಎಂದೆ.

"ಅದಕ್ಕೇ ನೀವೇ ಆಗ್ಬೇಕು" ಎಂದರು ಹೊಸ ದನಿಯಲ್ಲಿ. ಹಳೆಯ ದನಿಗೆ ಎದುರಾಡಬಹುದಿತ್ತು, ಇದಕ್ಕೆ ಆಗಲಿಲ್ಲ.

ಫಲಿತಾಂಶ ಬಂದಾಗ ಅದು ಅರ್ಧ ಸಿಹಿಯಾಗಿತ್ತು. ಚಿಕ್ಕ ತರಗತಿಗಳಲ್ಲಿ 'ಎಷ್ಟೋ ಅಷ್ಟೇ' ಎಂದು ಕೇಳಿದ ಮಕ್ಕಳು ಬಹಳ ಮುಂದಿದ್ದರು. ದೊಡ್ಡ ತರಗತಿಗಳಲ್ಲಿ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ವರ್ಷ 'ದರೆ' ಕೇಳಿ ಗಟ್ಟಿಯಾದ ಕಿವಿ ಕೆಲವು ವಾರದಲ್ಲಿ ಬದಲಾಗುವುದಿಲ್ಲ. ಟೀಚರ್ ಅದನ್ನು ಇದ್ದದ್ದು ಇದ್ದಂತೆ ಬರೆದರು. ಸೋತ ಭಾಗವನ್ನು ಹಿಂದಿನ ಪುಟಗಳಲ್ಲಿ ಅಡಗಿಸಿಡಬಹುದಿತ್ತು ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. "ಅಡಗಿಸಿ ಎಲ್ಲಿಡ್ಲಿ? ಮನೇಲಿ ಜಾಗ ಇಲ್ಲ" ಎಂದು ಟೀಚರ್ ನಕ್ಕರು.

ವೈವಾ ಇದ್ದದ್ದು ಕೆಳಗಿನ ಮಹಡಿಯ ಸಭಾಂಗಣದಲ್ಲಿ. ಎರಡೂ ವಿಭಾಗದವರು ಬಂದಿದ್ದರು. ಮೇಲಿನವರು ಎಡಗಡೆ, ಕೆಳಗಿನವರು ಬಲಗಡೆ ಕೂತರು. ಯಜಮಾನರು, ಮಗಳು, ಮಾವ, ನಾನು ಹಿಂದಿನ ಸಾಲಿನಲ್ಲಿ. ಮೈಕು ಅವತ್ತು ಬರೀ ಕೀರಲು ಸದ್ದು ಮಾಡಿತು. ಅದನ್ನು ಆರಿಸಿಬಿಟ್ಟರು. ಟೀಚರ್ ಹೊಸ ದನಿಯಲ್ಲೇ ಶುರುಮಾಡಿದರು. ಹಿಂದಿನವರಿಗೆ ಕೇಳಿಸದೆ ಗುಸುಗುಸು ಶುರುವಾದರೆ ಏನು ಗತಿ ಎಂಬ ಅಳುಕು ನನಗೆ. ಗುಸುಗುಸು ಶುರುವಾಗಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿ ಕೂತರು. ಫ್ಯಾನಿನ ಸದ್ದು ಜಾಸ್ತಿಯಾಯಿತೆಂದು ಯಾರೋ ಎದ್ದು ಹೋಗಿ ಅದನ್ನೂ ಆರಿಸಿದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಬಿಗಿ ಮುಖದವರು. ಎಲ್ಲ ಕೇಳಿಸಿಕೊಂಡು, "ಚಿಕ್ಕ ಮಕ್ಕಳು ಕಲಿತಿದ್ದು ಆ ಮಾತಿನಿಂದಾನೋ, ಅಥವಾ ಹೊಸದೇನೋ ನಡೀತಿದೆ ಅನ್ನೋ ಉತ್ಸಾಹದಿಂದಾನೋ? ಹೇಗೆ ಹೇಳ್ತೀರಿ?" ಎಂದು ಕೇಳಿದರು.

"ಪೂರ್ತಿಯಾಗಿ ಹೇಳಕ್ಕಾಗಲ್ಲ ಸರ್. ಉತ್ಸಾಹದ ಪಾಲೂ ಇರಬಹುದು. ಆದ್ರೆ ಮುಂದೆ ಬಂದ ತರಗತಿಗಳಲ್ಲಿ ಒಂದನ್ನ ತಗೊಂಡಿದ್ದು ನಮ್ಮ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಸ್ವಲ್ಪಾನೂ ಉತ್ಸಾಹ ಇರ್ಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಪರೀಕ್ಷಕರ ಕಣ್ಣು ಹಿಂದಿನ ಸಾಲಿನಲ್ಲಿ ನನ್ನನ್ನು ಹುಡುಕಿತು.

"ನೀವೇನಾ? ಮೊದಲು ಹೇಗೆ ಓದ್ತಿದ್ರಿ ಆ ಚಿಹ್ನೇನ?"

ನಾನು ಎದ್ದು ನಿಂತು, "ನಾನು ಓದ್ತಾನೇ ಇರ್ಲಿಲ್ಲ ಸರ್, ಬರೀ ಚಿತ್ರ ಬರೀತಿದ್ದೆ" ಎಂದೆ. ಬಿಗಿ ಮುಖ ಸಡಿಲವಾಯಿತು. ಆಮೇಲಿನ ಪ್ರಶ್ನೆಗಳನ್ನು ಅವರು ಕೇಳಿದ ರೀತಿಯೇ ಬೇರೆ, ತಮಗೆ ತಿಳಿದುಕೊಳ್ಳಬೇಕಾದವರು ಕೇಳುವ ರೀತಿ. ಪರೀಕ್ಷಕರೆಲ್ಲ ಒಳಗೆ ಹೋಗಿ ಮಾತಾಡಿ ಬಂದರು. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದು ಆದ್ದರಿಂದ ಸರ್ ಎದ್ದು ಹೇಳಿದರು. ಅದರ ಮುಂದೆ 'ಆದ್ದರಿಂದ' ಸೇರಿಸದೆ ಕೂತುಬಿಟ್ಟರು. ಮೊದಲು ಚಪ್ಪಾಳೆ ತಟ್ಟಿದ್ದು ಮಾವ. ಏನು ಹೇಳಿದರೆಂದು ಅವರಿಗೆ ಕೇಳಿಸಿರಲಿಲ್ಲ. ಸೊಸೆಯ ಮುಖ ನೋಡಿ ತಟ್ಟಿದರು.

ಹೊರಗೆ ಬಂದಾಗ ಸಂಜೆಯ ಬಿಸಿಲು ತಣ್ಣಗಾಗಿತ್ತು. ಎಲ್ಲರೂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಟೀಚರ್ ಚಪ್ಪಲಿ ಬಿಚ್ಚಿ ಕಾಲು ನೀಡಿದರು. ಮಗಳು ಅಮ್ಮನ ಹೆಗಲಿಗೆ ತಲೆ ಆನಿಸಿದಳು. ನಮ್ಮ ಕಡೆಯ ಬಸ್ಸು ಬಂದು ನಿಂತಿತು, ಕೂರಲು ಜಾಗವೂ ಇತ್ತು. ಯಜಮಾನರು ಅರ್ಧ ಎದ್ದು, "ಬಸ್ಸು ಬಂತಲ್ಲೇ" ಎಂದರು.

"ಬರ್ಲಿ ಬಿಡಿ" ಎಂದರು ಟೀಚರ್, ಎದುರಿನ ಮರದ ಕಡೆ ನೋಡುತ್ತಾ. "ಅದರ ಪಾಡಿಗೆ ಅದು ಹೋಗ್ಲಿ. ಇನ್ನೊಂದ್ ಬರತ್ತೆ."

ಯಜಮಾನರು ಮತ್ತೆ ಕೂತರು. ಬಸ್ಸು ಹೊರಟುಹೋಯಿತು.